ಧೂಳಿನ ಮರೆಯ ಮೆಗಾಮೇಸರ್

ಲೇಸರ್ ಟಾರ್ಚನ್ನು ನೀವೆಲ್ಲ ನೋಡಿದ್ದೀರಿ. ಅದಕ್ಕೊಬ್ಬ ಅಣ್ಣನಿದ್ದಾನೆ, ಹೆಸರು ಮೇಸರ್. ಲೇಸರ್ ಬೆಳಕನ್ನು ಹಿಗ್ಗಿಸಿದರೆ, ಮೇಸರ್ ಮೈಕ್ರೊವೇವ್ ಅಲೆಗಳನ್ನು ಹಿಗ್ಗಿಸುತ್ತದೆ. 1950ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಟೌನ್ಸ್ ಮತ್ತು ಸಂಗಡಿಗರು ಅದನ್ನು ಪ್ರಯೋಗಾಲಯದಲ್ಲಿ ಕಟ್ಟಿದರು. ಆಕಾಶದಲ್ಲಿ ಅದು ಯಾರೂ ಕಟ್ಟದೆಯೇ ಇತ್ತು!

1982ರಲ್ಲಿ ಪೋರ್ಟೊ ರಿಕೊದ ಅರೆಸಿಬೊ ರೇಡಿಯೊ ದೂರದರ್ಶಕದಿಂದ ಒಂದು ಸುದ್ದಿ ಬಂತು. ಸುಮಾರು 25 ಕೋಟಿ ಜ್ಯೋತಿರ್ವರ್ಷ ದೂರದ ಆರ್ಪ್ 220 ಗೆಲಾಕ್ಸಿಯಲ್ಲಿ ಹೈಡ್ರಾಕ್ಸಿಲ್ ಅಣುಗಳು, ಅಂದರೆ ಒಂದು ಆಮ್ಲಜನಕ ಮತ್ತು ಒಂದು ಜಲಜನಕದ ಜೋಡಿಗಳು, 18 ಸೆಂಟಿಮೀಟರ್ ಅಲೆಯನ್ನು ಭರ್ಜರಿಯಾಗಿ ಸೂಸುತ್ತಿದ್ದವು. ನಮ್ಮ ಕ್ಷೀರಪಥದ ಸಾಮಾನ್ಯ ಮೇಸರ್‌ಗಿಂತ ಹತ್ತು ಲಕ್ಷ ಪಟ್ಟಿಗೂ ಮಿಗಿಲು. ಹಾಗಾಗಿ ಮೆಗಾಮೇಸರ್.

ಇಷ್ಟು ಶಕ್ತಿ ಎಲ್ಲಿಯದು? ಮಹಡಿಯ ತೊಟ್ಟಿಯಿಂದ ನೀರು ಧುಮ್ಮಿಕ್ಕಬೇಕಾದರೆ ಮೊದಲು ಪಂಪ್ ಅದನ್ನು ಮೇಲಕ್ಕೆ ಏರಿಸಬೇಕಲ್ಲವೆ? ಅಣುಗಳಿಗೂ ಹಾಗೆಯೇ. ಆರ್ಪ್ 220 ಎಂದರೆ ಡಿಕ್ಕಿಯಾಗಿ ಬೆರೆಯುತ್ತಿರುವ ಎರಡು ಗೆಲಾಕ್ಸಿಗಳು. ಅಲ್ಲಿ ಹುಟ್ಟುವ ಹೊಸ ನಕ್ಷತ್ರಗಳ ಬೆಳಕನ್ನು ಧೂಳು ನುಂಗಿ, ಬಿಸಿಯಾಗಿ, ಅವಕೆಂಪು ಕಿರಣವಾಗಿ ಹೊರಬಿಡುತ್ತದೆ. ಪಂಪ್ ಇದೇ ಎಂಬುದು ಊಹೆ.

ಪುರಾವೆ ಬೇಕಿತ್ತು. ಇಂಥ ಕಿರಣಗಳನ್ನು ನಮ್ಮ ವಾತಾವರಣದ ನೀರಾವಿ ತಡೆಯುವುದರಿಂದ ಬಾಹ್ಯಾಕಾಶಕ್ಕೇ ಹೋಗಬೇಕು. ಯುರೋಪ್ 1995ರಲ್ಲಿ ಹಾರಿಸಿದ ಐಎಸ್‌ಒ ದೂರದರ್ಶಕ ಆರ್ಪ್ 220ರ ಅವಕೆಂಪು ರೋಹಿತವನ್ನು ಅಳೆದಾಗ, 35 ಮೈಕ್ರೊಮೀಟರ್ ಬಳಿ ಇಲಿ ಕಡಿದಂತೆ ಒಂದು ಕಚ್ಚು! ಹೈಡ್ರಾಕ್ಸಿಲ್ ತಿಂದ ಗುರುತು ಅದು. 53 ಮೈಕ್ರೊಮೀಟರ್ ಕಿರಣದ ಪಾಲು ಇನ್ನೂ ದೊಡ್ಡದೆಂದು ಮುಂದಿನ ಲೆಕ್ಕಾಚಾರಗಳು ಹೇಳಿದವು.

ಆದರೂ ಧೂಳು ತುಂಬಿ ಅವಕೆಂಪಿನಲ್ಲಿ ಅತಿಯಾಗಿ ಬೆಳಗುವ ಗೆಲಾಕ್ಸಿಗಳಲ್ಲಿ ಐದಾರಕ್ಕೆ ಒಂದರಲ್ಲಷ್ಟೇ ಮೆಗಾಮೇಸರ್ ಸಿಕ್ಕಿದೆ. ಉಳಿದವು ಏಕೆ ಸುಮ್ಮನಿವೆ ಎಂಬ ಹುಡುಕಾಟ ನಡೆದೇ ಇದೆ.