ಹೇಳಿಕೊಂಡರೆ ಗುಣವಾಗುವ ರೋಗಗಳು

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಕರಾವಳಿ ಒಂದು ಕಾಲಕ್ಕೆ ದೂರದೇಶಗಳ ಹಡಗುಗಳನ್ನು ಬರಮಾಡಿಕೊಂಡ ನೆಲ. ಭಟ್ಕಳದ ಬಂದರಿನಲ್ಲಿ ವಿಜಯನಗರದ ಸೈನ್ಯಕ್ಕಾಗಿ ಅರಬೀ ಕುದುರೆಗಳು ಇಳಿಯುತ್ತಿದ್ದವು. ಕುಮಟಾದ ಬಳಿಯ ಮಿರ್ಜಾನಿನಿಂದ ಕಾಳುಮೆಣಸು ಸಮುದ್ರ ದಾಟುತ್ತಿತ್ತು. 1502ರಲ್ಲಿ ವಾಸ್ಕೋ ಡ ಗಾಮಾ ಭಟ್ಕಳಕ್ಕೆ ಬಂದು ಕಪ್ಪ ಬೇಡಿದ. 1505ರಲ್ಲಿ ಅಲ್ಮೇಡಾ ಹೊನ್ನಾವರದ ಮೇಲೆ ದಾಳಿಯಿಟ್ಟ. ಈ ಪೋರ್ತುಗೀಸರ ಹಡಗುಗಳೊಡನೆ ಗೇರು ಬಂದಿತು, ಅನಾನಸು ಬಂದಿತು. ಯಾರೂ ಬೇಡದ ಒಂದು ರೋಗವೂ ಪಶ್ಚಿಮ ಕರಾವಳಿಗೆ ಬಂದಿಳಿಯಿತು.

ಇಂದು ವೈದ್ಯರು ಸಿಫಿಲಿಸ್ ಎಂದು ಕರೆಯುವ ಆ ವ್ಯಾಧಿ 1495ರ ಹೊತ್ತಿಗೆ ಇಟಲಿಯ ನೇಪಲ್ಸ್ ನಗರದಲ್ಲಿ ಫ್ರೆಂಚ್ ಸೈನಿಕರ ನಡುವೆ ಸಿಡಿದೆದ್ದಿತ್ತು. ಇಟಲಿಯವರು ಅದನ್ನು ಫ್ರೆಂಚರ ರೋಗವೆಂದರು. ಫ್ರೆಂಚರು ನೇಪಲ್ಸಿನ ರೋಗವೆಂದರು. ನಮ್ಮಲ್ಲಿ ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ‘ಭಾವಪ್ರಕಾಶ’ದಲ್ಲಿ ಅದಕ್ಕೆ ‘ಫಿರಂಗರೋಗ’ವೆಂಬ ಹೆಸರನ್ನಿತ್ತನು. ಕನ್ನಡದಲ್ಲಿ ಅದೇ ‘ಪರಂಗಿ ಹುಣ್ಣು’ ಆಯಿತು. ಹೀಗೆ ಪ್ರತಿಯೊಬ್ಬರೂ ಅದನ್ನು ನೆರೆಯವರ ಮನೆಯ ಬಾಗಿಲಿಗೆ ಸಾಗಿಸಿದರು. ರೋಗಾಣುವಿಗೆ ಮಾತ್ರ ದೇಶವಿಲ್ಲ, ಕುಲವಿಲ್ಲ. ಐದು ಶತಮಾನಗಳಲ್ಲಿ ಮದ್ದುಗಳು ಬದಲಾಗಿವೆ, ನಾಚಿಕೆಯೊಂದೇ ಬದಲಾಗಿಲ್ಲ.

ಪಾದರಸದಿಂದ ಪೆನಿಸಿಲಿನ್‌ವರೆಗೆ

ಭಾವಮಿಶ್ರನು ಹೇಳಿದ ಮುಖ್ಯ ಮದ್ದು ಪಾದರಸದ ರಸಕರ್ಪೂರ. ಇನ್ನೊಂದು, ಚೀನಾದಿಂದ ಬಂದ ಒಂದು ಬೇರು. ನಮ್ಮ ಗಂಧಿಗೆ ಅಂಗಡಿಗಳಲ್ಲಿ ಅದಕ್ಕೆ ‘ಪರಂಗಿ ಚಕ್ಕೆ’ ಎಂದೇ ಹೆಸರು. ಗೋವೆಯಲ್ಲಿದ್ದ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲಿಯೇ ಅಚ್ಚು ಹಾಕಿಸಿದ ಗ್ರಂಥದಲ್ಲಿಯೂ ಆ ಬೇರಿನ ಚರ್ಚೆಯಿದೆ. ಬೇರಿನಿಂದ ರೋಗ ಹೋಗಲಿಲ್ಲ. ಪಾದರಸದಿಂದ ರೋಗಿಯ ಬಾಯಿ ಹುಣ್ಣಾಗಿ, ಹಲ್ಲುಗಳು ಸಡಿಲವಾಗುತ್ತಿದ್ದವು.

ರೋಗಾಣು ಕಣ್ಣಿಗೆ ಬಿದ್ದದ್ದು 1905ರಲ್ಲಿ. ಜರ್ಮನಿಯ ಶೌಡಿನ್ ಮತ್ತು ಹಾಫ್‌ಮನ್ ಸೂಕ್ಷ್ಮದರ್ಶಕದಡಿಯಲ್ಲಿ ಸುರುಳಿಯಾಕಾರದ ಆ ಜೀವಿಯನ್ನು ಕಂಡರು. 1910ರಲ್ಲಿ ಎರ್ಲಿಕ್ ಮತ್ತು ಜಪಾನಿನ ಹಾತಾ ಅವರ ‘606’ ಎಂಬ ಔಷಧ ಬಂದಿತು. ನಿಜವಾದ ವಿಜಯ 1943ರದು: ಅಮೆರಿಕದ ವೈದ್ಯ ಮಹೋನಿ, ಪೆನಿಸಿಲಿನ್ನಿನಿಂದ ಈ ರೋಗ ಗುಣವಾಗುವುದನ್ನು ತೋರಿಸಿಕೊಟ್ಟರು. 1954ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಸರಕಾರವೇ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯನ್ನು ಸ್ಥಾಪಿಸಿತು. ಪೆನಿಸಿಲಿನ್ ನಮ್ಮ ದೇಶದಲ್ಲಿಯೇ ತಯಾರಾಗತೊಡಗಿತು. ಎಂಬತ್ತು ವರ್ಷಗಳು ಕಳೆದರೂ ಈ ರೋಗಾಣು ಪೆನಿಸಿಲಿನ್ನಿಗೆ ಬಗ್ಗದೆ ಉಳಿದಿಲ್ಲ.

ಮೋಸಗಾರ ಲಕ್ಷಣಗಳು

ಸೋಂಕು ತಗಲಿದ ಸುಮಾರು ಮೂರು ವಾರಗಳ ಬಳಿಕ ಗುಪ್ತಾಂಗದಲ್ಲಿ ನೋವಿಲ್ಲದ ಒಂದು ಹುಣ್ಣು ಏಳುತ್ತದೆ. ಕೆಲವು ವಾರಗಳಲ್ಲಿ ಅದು ತಾನಾಗಿಯೇ ಮಾಯುತ್ತದೆ. ರೋಗಿಯು ‘ಗಂಡಾಂತರ ಕಳೆಯಿತು’ ಎಂದು ನಿಟ್ಟುಸಿರು ಬಿಡುತ್ತಾನೆ. ಆದರೆ ರೋಗ ಹೋದದ್ದಲ್ಲ, ರಕ್ತಕ್ಕೆ ಇಳಿದದ್ದು! ಮುಂದೆ ಅಂಗೈ ಅಂಗಾಲುಗಳಲ್ಲಿಯೂ ಕಲೆಗಳು ಮೂಡಬಹುದು, ಅವೂ ಮರೆಯಾಗುತ್ತವೆ. ಎಷ್ಟೋ ವರ್ಷಗಳ ತರುವಾಯ ಹೃದಯ, ಮಿದುಳು, ನರಗಳು ಕೆಡುತ್ತವೆ. ಆರಂಭದಲ್ಲಿ ರಕ್ತಪರೀಕ್ಷೆ ಮಾಡಿಸಿದರೆ ಬೆಂಜಥೀನ್ ಪೆನಿಸಿಲಿನ್ನಿನ 24 ಲಕ್ಷ ಯೂನಿಟ್ಟುಗಳ ಒಂದೇ ಸಲದ ಚುಚ್ಚುಮದ್ದು ಸಾಕು. ತಡವಾದರೆ ವಾರಕ್ಕೊಂದರಂತೆ ಮೂರು ಸಲ ಬೇಕು. ನರಗಳಿಗೆ ತಗಲಿದ್ದರೆ ಆಸ್ಪತ್ರೆಯಲ್ಲಿಯೇ ಉಳಿದು ಚಿಕಿತ್ಸೆ ಪಡೆಯಬೇಕಾಗುತ್ತದೆ. ಆಗಲೇ ಕೆಟ್ಟುಹೋದ ಅಂಗವನ್ನು ಮಾತ್ರ ಯಾವ ಮದ್ದೂ ಮರಳಿ ತರಲಾರದು.

ಗೊನೋರಿಯಾದ ಬಗೆ ಬೇರೆ. ಗಂಡಸರಲ್ಲಿ ಕೆಲವೇ ದಿನಗಳಲ್ಲಿ ಉರಿಮೂತ್ರ, ಕೀವು ಕಾಣಿಸುತ್ತವೆ. ಹೆಂಗಸರಲ್ಲಿ ಅನೇಕ ವೇಳೆ ಲಕ್ಷಣವೇ ಇರುವುದಿಲ್ಲ. ಅದರ ಜೊತೆಗಾರನಂತಿರುವ ಕ್ಲಾಮಿಡಿಯಾ ಇನ್ನೂ ಮೌನಿ. ಎರಡೂ ಗರ್ಭನಾಳಗಳನ್ನು ಕೆಡಿಸಿ ಬಂಜೆತನಕ್ಕೆ ಕಾರಣವಾಗಬಲ್ಲವು. ಎಷ್ಟು ಮನೆಗಳಲ್ಲಿ ಮಕ್ಕಳಾಗದ ಅಪವಾದವನ್ನು ಸೊಸೆಯೊಬ್ಬಳೇ ಹೊತ್ತಿದ್ದಾಳೆ! ಗಂಡನ ಹಳೆಯ ಸೋಂಕಿನ ಮಾತನ್ನು ಅಲ್ಲಿ ಯಾರೂ ಎತ್ತುವುದಿಲ್ಲ. ಇವಕ್ಕೂ ಮದ್ದುಂಟು. ಆದರೆ ಅಂಗಡಿಯಿಂದ ಅರೆಬರೆ ಮಾತ್ರೆ ತಂದು ನುಂಗಿದವರ ದೆಸೆಯಿಂದ ಗೊನೋರಿಯಾದ ರೋಗಾಣು ಹಲವು ಔಷಧಗಳನ್ನು ಜಯಿಸಿಬಿಟ್ಟಿದೆ. ಆದುದರಿಂದ ವೈದ್ಯರು ಹೇಳಿದ ಮದ್ದನ್ನು ಹೇಳಿದಷ್ಟು ದಿನ ತೆಗೆದುಕೊಳ್ಳುವುದು ಅಗತ್ಯ.

ವೈರಸ್ಸಿನಿಂದ ಬರುವವು ಬೇರೊಂದು ಪಂಗಡ. ಹರ್ಪಿಸ್ ಗುಳ್ಳೆಗಳನ್ನು ಏಸೈಕ್ಲೊವಿರ್ ಅಡಗಿಸುತ್ತದೆ, ಬೇರುಸಹಿತ ಕೀಳಲಾರದು. ಹೆಪಟೈಟಿಸ್-ಬಿಗೆ ಹುಟ್ಟಿದ ದಿನವೇ ಕೊಡುವ ಲಸಿಕೆಯಿದೆ. ಗರ್ಭಕಂಠದ ಅರ್ಬುದಕ್ಕೆ ಕಾರಣವಾಗುವ ಎಚ್.ಪಿ.ವಿ.ಗೂ ಲಸಿಕೆಯಿದೆ, 9ರಿಂದ 14ರ ವಯಸ್ಸಿನ ಹೆಣ್ಣುಮಕ್ಕಳಿಗೆ ಹಾಕಿಸಿದರೆ ಫಲ ಹೆಚ್ಚು. ಎಚ್.ಐ.ವಿ. ಇಂದು ಮರಣಶಾಸನವಲ್ಲ. ದಿನವೂ ತಪ್ಪದೆ ಮಾತ್ರೆ ಸೇವಿಸಿ, ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಕ್ಕದಷ್ಟು ಕುಗ್ಗಿದವರು ದೀರ್ಘಕಾಲ ಬಾಳುತ್ತಾರೆ. ಅವರಿಂದ ಬಾಳಸಂಗಾತಿಗೆ ಸೋಂಕು ದಾಟುವುದಿಲ್ಲ.

ಗೋಡೆಯ ಮೇಲಿನ ಜಾಹೀರಾತು

ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಗುಪ್ತರೋಗಗಳಿಗೆ ಖಾತ್ರಿ ಚಿಕಿತ್ಸೆ’ ಎಂಬ ಬರೆಹವನ್ನು ನೋಡದವರಾರು? ನಾಚಿಕೆಯೇ ಇಂಥವರ ಬಂಡವಾಳ. ರೋಗವಿಲ್ಲದವನಿಗೂ ‘ಧಾತುಕ್ಷಯ’ದ ಭೀತಿ ಹುಟ್ಟಿಸಿ ಹಣ ಕೀಳುತ್ತಾರೆ, ರೋಗವಿದ್ದವನ ಅಮೂಲ್ಯ ಕಾಲವನ್ನು ಹಾಳುಮಾಡುತ್ತಾರೆ. ಹೆಂಗಸರ ಎಲ್ಲ ಬಿಳುಪೂ ರೋಗವಲ್ಲ, ಎಲ್ಲ ಉರಿಮೂತ್ರವೂ ಕೆಟ್ಟ ನಡತೆಯ ಸಾಕ್ಷಿಯಲ್ಲ. ಇದನ್ನು ನಿರ್ಣಯಿಸಬೇಕಾದವರು ವೈದ್ಯರೇ ಹೊರತು ನೆರೆಹೊರೆಯವರಲ್ಲ.

ಹಾಗಾದರೆ ಎಲ್ಲಿಗೆ ಹೋಗಬೇಕು? ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕು ಸ್ಥಳಗಳು. ಮೂರರಲ್ಲೂ ಸರಕಾರಿ ಆಸ್ಪತ್ರೆಯುಂಟು. ಊರಿನವರ ಕಣ್ಣಿಗೆ ಅಂಜುವವರಿಗೆ ಕಾರವಾರದ ಜಿಲ್ಲಾ ಆಸ್ಪತ್ರೆಯೂ ದೂರವಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಈ ರೋಗಗಳಿಗೆಂದೇ ತೆರೆದ ಚಿಕಿತ್ಸಾಲಯಗಳಿಗೆ ‘ಸುರಕ್ಷಾ ಕ್ಲಿನಿಕ್’ ಎಂದು ಹೆಸರು. ಅಲ್ಲಿ ತಪಾಸಣೆ, ಸಲಹೆ, ಔಷಧ ಉಚಿತ. ಪ್ರಯೋಗಶಾಲೆಯ ವರದಿಗಾಗಿ ರೋಗಿ ವೃಥಾ ಅಲೆಯಬಾರದೆಂದು, ಲಕ್ಷಣವನ್ನು ನೋಡಿ ಕೊಡಬಹುದಾದ ಏಳು ಬಣ್ಣದ ಔಷಧದ ಪೊಟ್ಟಣಗಳನ್ನು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ರೂಪಿಸಿತು: ಸ್ರಾವಕ್ಕೆ ಬೂದುಬಣ್ಣದ್ದು, ಹುಣ್ಣಿಗೆ ಬಿಳಿಯದು, ಹರ್ಪಿಸ್ ಗುಳ್ಳೆಗೆ ಕೆಂಪಿನದು, ಹೀಗೆ. ಹೊರಗೆ ಬಾಯಿಬಿಡಲು ಅಂಜುವವರು 1097 ಸಂಖ್ಯೆಗೆ ದೂರವಾಣಿ ಮಾಡಿ ಎಚ್.ಐ.ವಿ. ಮತ್ತು ಈ ಬಗೆಯ ರೋಗಗಳ ಬಗ್ಗೆ ಹೆಸರು ಹೇಳದೆಯೇ ಕೇಳಬಹುದು. ಎಚ್.ಐ.ವಿ. ಇರುವವರ ವಿಷಯವನ್ನು ಬಯಲುಮಾಡುವುದನ್ನೂ, ಅವರನ್ನು ಕೆಲಸದಿಂದಲೋ ಶಾಲೆಯಿಂದಲೋ ದೂರವಿಡುವುದನ್ನೂ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಕಾನೂನು ನಿಷೇಧಿಸಿದೆ.

ಇಬ್ಬರಿಗೂ ಚಿಕಿತ್ಸೆ

ಎಲ್ಲಕ್ಕಿಂತ ಮುಖ್ಯವಾದ ಮಾತು ಒಂದುಂಟು. ಗಂಡ ಗುಟ್ಟಾಗಿ ಮದ್ದು ತೆಗೆದುಕೊಂಡು ಹೆಂಡತಿಗೆ ತಿಳಿಸದಿದ್ದರೆ, ಅವನಿಂದ ಆಕೆಗೆ ದಾಟಿದ ಸೋಂಕು ಮತ್ತೆ ಅವನಿಗೇ ಮರಳುತ್ತದೆ. ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆಯಾಗಬೇಕು. ಅದು ಮುಗಿಯುವ ತನಕ ಸಂಗಮ ಕೂಡದು. ಮುಂದೆಯೂ ಸಂದೇಹವಿದ್ದಲ್ಲಿ ನಿರೋಧ್ ಬಳಸಬೇಕು. ಗರ್ಭಿಣಿಯರಿಗಂತೂ ಮೊದಲ ತಿಂಗಳುಗಳಲ್ಲಿಯೇ ಸಿಫಿಲಿಸ್ ಮತ್ತು ಎಚ್.ಐ.ವಿ. ಪರೀಕ್ಷೆ ಆಗಲೇಬೇಕು. ಚಿಕಿತ್ಸೆಯಿಲ್ಲದ ಸಿಫಿಲಿಸ್‌ನಿಂದ ಹೊಟ್ಟೆಯೊಳಗೇ ಶಿಶು ಸಾಯಬಹುದು, ಬದುಕಿದರೂ ಅಂಗಹೀನವಾಗಬಹುದು. ಸಕಾಲದಲ್ಲಿ ತಾಯಿಗೆ ಕೊಟ್ಟ ಪೆನಿಸಿಲಿನ್ ಮಗುವನ್ನೂ ಕಾಯುತ್ತದೆ.

ಮಗಳ ಬಸಿರಿಗೆ ಸೀಮಂತದ ಮುಹೂರ್ತವನ್ನು ನೋಡುವ ಹಿರಿಯರು, ಅದಕ್ಕೆ ಮೊದಲು ಈ ಪರೀಕ್ಷೆಯ ದಿನವನ್ನೂ ಗೊತ್ತುಮಾಡಲಿ. ಅಳಿಯನೂ ಜೊತೆಯಲ್ಲಿ ಹೋಗಲಿ. ರೋಗ ಯಾರಿಂದ ಬಂತೆಂಬ ವಿಚಾರಣೆಯನ್ನು ಆಮೇಲೆ ಇಟ್ಟುಕೊಳ್ಳಬಹುದು, ಮೊದಲು ಗುಣವಾಗಲಿ.