ಕಾರ್ಡ್ ಮಾರಾಟ: ದಿನಾಂತ್ಯದ ಲೆಕ್ಕ ಮುಗಿಸುವ ಕ್ರಮ

ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿದ ಸಿಂಧನೂರಿನ ಪೇಟೆಗೆ ಉದ್ರಿ ಹೊಸದಲ್ಲ. ಭತ್ತದ ಹಣ ರೈತನ ಕೈ ಸೇರುವವರೆಗೆ ಕಾಯುವುದು ಇಲ್ಲಿನ ವರ್ತಕನಿಗೆ ರೂಢಿಯಾಗಿದೆ. ಹೀಗಾಗಿ ಗಿರಾಕಿಯು ಕ್ರೆಡಿಟ್ ಕಾರ್ಡ್ ನೀಡಿ, ಯಂತ್ರದಿಂದ ಚೀಟಿ ಹೊರಬಂದೊಡನೆ ಹಣ ಬಂದಿತೆಂದೇ ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಅದು ನಗದು ಮಾರಾಟವಲ್ಲ. ಬ್ಯಾಂಕಿನ ಮೇಲಿನ ಒಂದೆರಡು ದಿನಗಳ ಉದ್ರಿ. ಇತರ ಉದ್ರಿಗಳಂತೆ ಇದನ್ನೂ ಬರೆದಿಡಬೇಕು, ವಸೂಲಾಯಿತೇ ಎಂದು ನೋಡಬೇಕು.

ಹಣ ಸಾಗುವ ದಾರಿ

ಕಾರ್ಡನ್ನು ಯಂತ್ರಕ್ಕೆ ತೋರಿಸಿದಾಗ ವರ್ತಕನ ಬ್ಯಾಂಕಿನಿಂದ ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಜಾಲದ ಮೂಲಕ ಕಾರ್ಡ್ ನೀಡಿದ ಬ್ಯಾಂಕಿಗೆ ವಿಚಾರಣೆ ಹೋಗುತ್ತದೆ. ಅಲ್ಲಿಂದ ದೊರೆಯುವುದು ಒಪ್ಪಿಗೆ ಮಾತ್ರ. ದಿನದ ಎಲ್ಲ ವಹಿವಾಟುಗಳು ಯಂತ್ರದಲ್ಲಿ ಒಂದು ಕಟ್ಟಾಗಿ ಸೇರಿರುತ್ತವೆ, ಇದೇ 'ಬ್ಯಾಚ್'. ಅದನ್ನು ಮುಕ್ತಾಯಗೊಳಿಸಿ ಕಳುಹಿಸುವ ಕ್ರಿಯೆಯೇ 'ಸೆಟಲ್‌ಮೆಂಟ್'. ಇದಾದ ಬಳಿಕವೇ ಬ್ಯಾಂಕು ತನ್ನ ಕಮಿಷನ್ ಕಳೆದು, ಒಪ್ಪಂದದಲ್ಲಿರುವ ಅವಧಿಯೊಳಗೆ ಉಳಿದ ಹಣವನ್ನು ಖಾತೆಗೆ ಜಮಾ ಮಾಡುತ್ತದೆ. ಕೆಲವು ಯಂತ್ರಗಳು ರಾತ್ರಿ ತಾವಾಗಿಯೇ ಬ್ಯಾಚ್ ಮುಗಿಸುತ್ತವೆ. ಆದರೆ ವಿದ್ಯುತ್ತು ಅಥವಾ ಸಂಪರ್ಕ ಇಲ್ಲದ ರಾತ್ರಿ ಅದು ನಡೆಯದೆ ಉಳಿಯಬಹುದು.

ಪ್ರತಿದಿನ ಮಾಡಬೇಕಾದ ಕೆಲಸ

1. ಅಂಗಡಿ ಮುಚ್ಚುವ ಮುನ್ನ ಕಾರ್ಡ್ ಬಿಲ್ಲುಗಳ ಮೊತ್ತವನ್ನು ಯಂತ್ರದ ಮೊತ್ತದೊಡನೆ ತಾಳೆ ನೋಡಬೇಕು. ತಪ್ಪಾದ ವಹಿವಾಟನ್ನು ಬ್ಯಾಚ್ ಮುಗಿಯುವ ಮುನ್ನ ರದ್ದುಪಡಿಸುವುದು ಸುಲಭ. ನಂತರ ಹಣ ವಾಪಸಾತಿಯ ದೀರ್ಘ ಮಾರ್ಗವೇ ಗತಿ.

2. ಬ್ಯಾಚ್ ಮುಗಿಸಿ, ಬ್ಯಾಚ್ ಸಂಖ್ಯೆಯಿರುವ ವರದಿಯನ್ನು ಆ ದಿನದ ಬಿಲ್ಲುಗಳ ಜೊತೆ ಕಟ್ಟಿಡಬೇಕು. ಈ ಕಾಗದದ ಅಕ್ಷರಗಳು ಬಿಸಿಲು, ಶಾಖಕ್ಕೆ ಮಾಸುವುದರಿಂದ ಛಾಯಾಪ್ರತಿ ಇರಿಸುವುದು ಕ್ಷೇಮ. ಗಿರಾಕಿ ಮುಂದೆ ತಕರಾರು ಎತ್ತಿದರೆ ವರ್ತಕನಿಗಿರುವ ಮುಖ್ಯ ಆಧಾರ ಇದೇ.

3. ಹಣ ಜಮೆಯಾದೊಡನೆ ಬ್ಯಾಂಕ್ ವಿವರಪಟ್ಟಿಯನ್ನು ಬ್ಯಾಚ್ ವರದಿಯೊಡನೆ ಹೋಲಿಸಿ ಗುರುತು ಹಾಕಬೇಕು. ಗುರುತು ಬೀಳದ ಬ್ಯಾಚ್ ಎಂದರೆ ವಸೂಲಾಗದ ಉದ್ರಿ.

ಗಿರಾಕಿಯ ಖಾತೆಯಿಂದ ಹಣ ಕಡಿತವಾಗಿ ಅಂಗಡಿಯಲ್ಲಿ ಚೀಟಿ ಬಾರದಿರುವ ಪ್ರಸಂಗಗಳೂ ಉಂಟು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯಂತೆ, ಅಂಥ ಹಣ ವಹಿವಾಟಿನ ದಿನದಿಂದ 5 ದಿನಗಳೊಳಗೆ ತಾನಾಗಿಯೇ ಗಿರಾಕಿಗೆ ಮರಳಬೇಕು. ವಿಳಂಬವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ಇದನ್ನು ಬಲ್ಲ ವರ್ತಕನು ಗಿರಾಕಿಯೊಡನೆ ಜಗಳಕ್ಕಿಳಿಯದೆ ಧೈರ್ಯವಾಗಿ ಉತ್ತರಿಸಬಲ್ಲನು.

ಪುಸ್ತಕದಲ್ಲಿ ಬರೆಯುವ ಬಗೆ

ಬ್ಯಾಂಕಿಗೆ ಬಂದ ನಿವ್ವಳ ಮೊತ್ತವನ್ನೇ ಮಾರಾಟವೆಂದು ಬರೆಯುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಉದಾಹರಣೆಗೆ, ಬಟ್ಟೆ ಅಂಗಡಿಯೊಂದರ ದಿನದ ಕಾರ್ಡ್ ಮಾರಾಟ 40,000 ರೂಪಾಯಿ, ಕಮಿಷನ್ ಶೇ. 1.8 ಎಂದಿಟ್ಟುಕೊಳ್ಳೋಣ. ಕಮಿಷನ್ 720 ರೂಪಾಯಿ. ಅದರ ಮೇಲೆ ಶೇ. 18ರ ಜಿಎಸ್‌ಟಿ 129.60 ರೂಪಾಯಿ, ಖಾತೆಗೆ ಬರುವುದು 39,150.40 ರೂಪಾಯಿ. (2,000 ರೂಪಾಯಿವರೆಗಿನ ಒಂದೊಂದು ಕಾರ್ಡ್ ವಹಿವಾಟಿನ ಕಮಿಷನ್‌ಗೆ ಈ ತೆರಿಗೆ ಇಲ್ಲ; ಇಲ್ಲಿ ಎಲ್ಲ ಬಿಲ್ಲುಗಳೂ ಅದಕ್ಕಿಂತ ಹೆಚ್ಚಿನವೆಂದು ಭಾವಿಸಲಾಗಿದೆ.) ಪುಸ್ತಕದಲ್ಲಿ ಬಿಲ್ಲಿನ ಪೂರ್ಣ ಮೊತ್ತ 40,000 ಬರಬೇಕು, ಕಮಿಷನ್ ಖರ್ಚಿಗೆ, ತೆರಿಗೆ ಹೂಡುವಳಿ ತೆರಿಗೆ ಖಾತೆಗೆ ಹೋಗಬೇಕು.

ನಿವ್ವಳ ಬರೆದವನ ಮಾರಾಟವು ಬಿಲ್ಲುಗಳಿಗಿಂತ ಕಡಿಮೆ ಕಂಡು, ತನಿಖೆಯ ವೇಳೆ ಉತ್ತರಿಸುವ ಹೊಣೆ ಅವನ ಮೇಲೆ ಬೀಳುತ್ತದೆ. ಮೇಲಾಗಿ ನ್ಯಾಯವಾಗಿ ದೊರೆಯಬೇಕಾದ ತೆರಿಗೆ ಜಮೆಯೂ ಕೈತಪ್ಪುತ್ತದೆ: ತಿಂಗಳಿಗೆ ಇಂಥ 25 ದಿನಗಳಾದರೆ 3,240 ರೂಪಾಯಿ, ವರ್ಷಕ್ಕೆ 38,880 ರೂಪಾಯಿ. ಬ್ಯಾಂಕಿಗೆ ಜಿಎಸ್‌ಟಿ ಸಂಖ್ಯೆ ನೀಡಿ, ಆ ತೆರಿಗೆ ಜಿಎಸ್‌ಟಿಆರ್-2ಬಿಯಲ್ಲಿ ಕಾಣುತ್ತಿದೆಯೇ ಎಂದು ತಿಂಗಳು ತಿಂಗಳು ನೋಡತಕ್ಕದ್ದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಈ ಜಮೆ ಲಭ್ಯವಿಲ್ಲ.

ರುಪೇ ಡೆಬಿಟ್ ಕಾರ್ಡಿಗೆ 2020ರ ಜನವರಿ 1ರಿಂದ ಕಮಿಷನ್ ಇಲ್ಲ. ಆದ್ದರಿಂದ ಡೆಬಿಟ್ ಮತ್ತು ಕ್ರೆಡಿಟ್ ಕಾರ್ಡುಗಳ ಮೊತ್ತವನ್ನು ಬೇರೆ ಬೇರೆ ಅಂಕಣಗಳಲ್ಲಿ ಬರೆದರೆ, ಬ್ಯಾಂಕು ಹೆಚ್ಚು ಕಡಿತ ಮಾಡಿದ್ದಲ್ಲಿ ಅಂದೇ ತಿಳಿಯುತ್ತದೆ.

ಈ ಕೆಲಸಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು. ರೈತನ ಉದ್ರಿಯನ್ನು ಪೈಸೆ ಬಿಡದೆ ಬರೆದಿಡುವ ವರ್ತಕನು ಬ್ಯಾಂಕಿನ ಉದ್ರಿಗೂ ಅದೇ ಶಿಸ್ತನ್ನು ಅನ್ವಯಿಸಬೇಕು.