ಡಿಲನ್ ತಟ್ಟೆಗಳನ್ನು ಓದುವ ಬಗೆ

ರೆಕಾರ್ಡನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿ. ಕೊನೆಯ ಹಾಡು ಮುಗಿದ ಮೇಲೆ, ಲೇಬಲ್ ಶುರುವಾಗುವುದಕ್ಕೆ ಮುಂಚೆ, ಹಾಡಿಲ್ಲದ ನುಣ್ಣಗಿನ ಪಟ್ಟಿಯೊಂದಿದೆ. ಸಂಗ್ರಾಹಕರ ಬಾಯಲ್ಲಿ ಅದು ಡೆಡ್ ವ್ಯಾಕ್ಸ್. ಬೆಳಕು ಸರಿಯಾಗಿ ಬಿದ್ದಾಗ ಅಲ್ಲಿ ಅಂಕಿ ಅಕ್ಷರಗಳು ಎದ್ದು ಕಾಣುತ್ತವೆ. ಕೆಲವು ಅಚ್ಚೊತ್ತಿದವು, ಕೆಲವು ಯಾರೋ ಕೈಯಲ್ಲಿ ಕೊರೆದವು. ಬಾಬ್ ಡಿಲನ್‌ನ ‘ಬ್ಲಡ್ ಆನ್ ದ ಟ್ರ್ಯಾಕ್ಸ್’ ನನ್ನ ಹತ್ತಿರ ಮೂರು ಪ್ರತಿ ಇದೆ. ಮೂರರಲ್ಲೂ ಅವೇ ಹತ್ತು ಹಾಡು. ಆದರೆ ಮೂರೂ ಬೇರೆ ಬೇರೆ ಥರ ಕೇಳುತ್ತವೆ. ಅದು ಯಾಕೆ ಹಾಗೆ ಎಂಬುದಕ್ಕೆ ಅರ್ಧ ಉತ್ತರ ಈ ಪಟ್ಟಿಯಲ್ಲಿದೆ. ಇನ್ನರ್ಧ ತಟ್ಟೆ ತಯಾರಾಗುವ ರೀತಿಯಲ್ಲಿದೆ.

ತಾನೇ ಬರೆದು ತಾನೇ ಹಾಡುವ ಕಲಾವಿದನ ತಟ್ಟೆಗಳು ಈ ಹೋಲಿಕೆಗೆ ಹೇಳಿ ಮಾಡಿಸಿದಂತಿರುತ್ತವೆ. ಅಲ್ಲಿರುವುದು ಒಂದು ಗಂಟಲು, ಒಂದು ಗಿಟಾರು, ನಡುನಡುವೆ ಮೌತ್‌ಆರ್ಗನ್. ಎದುರಿಗೆ ಕೂತ ಮನುಷ್ಯನ ದನಿ ಹೇಗಿರುತ್ತದೆ ಎಂದು ನಮ್ಮ ಕಿವಿಗೆ ಹುಟ್ಟಿನಿಂದಲೇ ಗೊತ್ತು. ನಲವತ್ತು ವಾದ್ಯಗಳ ಮೇಳದಲ್ಲಿ ಮರೆಯಾಗುವ ವ್ಯತ್ಯಾಸ ಇಲ್ಲಿ ಬಚ್ಚಿಟ್ಟುಕೊಳ್ಳಲಾಗದು.

ಮೊದಲು ತಯಾರಿಕೆ. ಸ್ಟುಡಿಯೋದಿಂದ ಬಂದ ಮಾಸ್ಟರ್ ಟೇಪನ್ನು ಕಟಿಂಗ್ ಎಂಜಿನಿಯರ್ ಒಬ್ಬರು ನುಡಿಸುತ್ತಾರೆ. ಅಲ್ಯೂಮಿನಿಯಂ ತಟ್ಟೆಯ ಮೇಲೆ ಮೆದುವಾದ ಲ್ಯಾಕರ್ ಬಳಿದಿರುತ್ತಾರೆ. ಬಿಸಿಯಾದ ಮೊನೆಯೊಂದು ಅದರ ಮೇಲೆ ಹಾಡಿನ ಗೆರೆಯನ್ನು ಕೊರೆಯುತ್ತ ಹೋಗುತ್ತದೆ. ಎಷ್ಟು ಜೋರಾಗಿ ಕೊರೆಯಬೇಕು, ತಗ್ಗುಸ್ವರ ಎಷ್ಟಿರಬೇಕು, ಮೌತ್‌ಆರ್ಗನ್ನಿನ ಚೂಪನ್ನು ಎಷ್ಟು ತಗ್ಗಿಸಬೇಕು ಎಂಬುದೆಲ್ಲ ಆ ಹೊತ್ತಿನಲ್ಲಿ ಆ ಒಬ್ಬರು ಮಾಡುವ ತೀರ್ಮಾನ. ಕೊರೆದ ಲ್ಯಾಕರಿಗೆ ಬೆಳ್ಳಿ ಸಿಂಪಡಿಸಿ, ನಿಕ್ಕಲ್ ಲೇಪಿಸಿ, ಅದನ್ನು ಸುಲಿದರೆ ಉಬ್ಬುಗೆರೆಯ ಲೋಹದ ತಟ್ಟೆ ಸಿಗುತ್ತದೆ. ಅದಕ್ಕೆ ಫಾದರ್ ಎಂದು ಹೆಸರು. ಅದರಿಂದ ಮದರ್, ಮದರ್‌ನಿಂದ ಸ್ಟ್ಯಾಂಪರ್. ಸ್ಟ್ಯಾಂಪರನ್ನು ಯಂತ್ರಕ್ಕೆ ಹಾಕಿ ಬಿಸಿ ಪಿವಿಸಿ ಮುದ್ದೆಯನ್ನು ಒತ್ತುತ್ತಾರೆ. ಸಾವಿರ ಚಿಲ್ಲರೆ ತಟ್ಟೆ ಒತ್ತುವಷ್ಟರಲ್ಲಿ ಸ್ಟ್ಯಾಂಪರ್ ಸವೆಯುತ್ತ ಬರುತ್ತದೆ, ಹೊಸದನ್ನು ಹಾಕಬೇಕಾಗುತ್ತದೆ. ಲಕ್ಷಗಟ್ಟಲೆ ಮಾರಾಟವಾಗುವ ಆಲ್ಬಮ್ಮಿಗೆ ಹಲವು ಸಲ ಲ್ಯಾಕರ್ ಕೊರೆಯುತ್ತಾರೆ, ಬೇರೆ ಬೇರೆ ಊರಿನ ಕಾರ್ಖಾನೆಗಳಲ್ಲಿ ಒತ್ತುತ್ತಾರೆ. ಈ ಪ್ರತಿಯೊಂದು ಹಂತವೂ ದನಿಯ ಮೇಲೆ ತನ್ನ ಗುರುತು ಬಿಡುತ್ತದೆ.

ಈ ಸರಪಳಿ ಎಷ್ಟು ಸೂಕ್ಷ್ಮ ಎಂಬುದು 2020ರ ಫೆಬ್ರುವರಿಯಲ್ಲಿ ಜಗತ್ತಿಗೇ ತಿಳಿಯಿತು. ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿದ್ದ ಅಪೊಲೊ ಮಾಸ್ಟರ್ಸ್ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಇಡೀ ಪ್ರಪಂಚಕ್ಕೆ ಲ್ಯಾಕರ್ ತಟ್ಟೆ ಒದಗಿಸುತ್ತಿದ್ದವು ಎರಡೇ ಕಂಪನಿ, ಅದರಲ್ಲಿ ಇದೊಂದು. ಉಳಿದದ್ದು ಜಪಾನಿನದು.

ಈಗ ಡೆಡ್ ವ್ಯಾಕ್ಸ್ ಓದೋಣ. ಡಿಲನ್‌ನ ಅಮೆರಿಕದ ಕಂಪನಿ ಕೊಲಂಬಿಯಾ. ಅದರ ತಟ್ಟೆಗಳಲ್ಲಿ, ಈ ಪಟ್ಟಿಯ ಮೇಲಿರುವ ಮ್ಯಾಟ್ರಿಕ್ಸ್ ಸಂಖ್ಯೆಯ ಬಾಲಕ್ಕೆ 1ಎ, 1ಬಿ, 2ಸಿ ಎಂಬಂಥ ಗುರುತು ಇರುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಅಂಕಿ ಬದಲಾದರೆ ಟೇಪಿನ ಜೋಡಣೆ ಬದಲಾಗಿದೆ, ಅಕ್ಷರ ಬದಲಾದರೆ ಅದೇ ಟೇಪಿನಿಂದ ಇನ್ನೊಂದು ಲ್ಯಾಕರ್ ಕೊರೆದಿದ್ದಾರೆ. 1ಎ ಎಂದರೆ ಮೊಟ್ಟಮೊದಲನೆಯದು, ಆದ್ದರಿಂದ ಅದೇ ಶ್ರೇಷ್ಠ ಎಂದು ಹೊಸಬರು ದುಡ್ಡು ಸುರಿಯುತ್ತಾರೆ. ಆದರೆ ಕೊಲಂಬಿಯಾದವರು ಒಂದೇ ಸಲಕ್ಕೆ ಹಲವು ಲ್ಯಾಕರ್ ಕೊರೆದು ನ್ಯೂಜೆರ್ಸಿಯ ಪಿಟ್‌ಮನ್, ಇಂಡಿಯಾನಾದ ಟೆರಿಹೋಟ್, ಕ್ಯಾಲಿಫೋರ್ನಿಯಾದ ಸಾಂತಾ ಮಾರಿಯಾ ಕಾರ್ಖಾನೆಗಳಿಗೆ ಹಂಚುತ್ತಿದ್ದರು. ಹಾಗಾಗಿ 1ಡಿ ಕೂಡ ಮೊದಲ ವಾರದಲ್ಲೇ ಅಂಗಡಿಗೆ ಬಂದ ತಟ್ಟೆ ಆಗಿರಬಹುದು. ಪಕ್ಕದಲ್ಲಿ ಪಿ, ಟಿ ಅಥವಾ ಎಸ್ ಕಂಡರೆ ಅದು ಕಾರ್ಖಾನೆಯ ಗುರುತು.

ಅಕ್ಷರಕ್ಕೆ ನಾನು ಬೆಲೆ ಕೊಡುವುದಿಲ್ಲ. ಅಂಕಿಗೆ ಕೊಡುತ್ತೇನೆ, ಯಾಕೆಂದರೆ ಅಲ್ಲಿ ಹಾಡೇ ಬದಲಾಗಿರಬಹುದು. 1963ರ ಮೇ ತಿಂಗಳಲ್ಲಿ ಬಂದ ‘ದ ಫ್ರೀವೀಲಿನ್ ಬಾಬ್ ಡಿಲನ್’ ತೆಗೆದುಕೊಳ್ಳಿ. ಬಿಡುಗಡೆಯ ಹೊತ್ತಿಗೆ ಅದರಿಂದ ನಾಲ್ಕು ಹಾಡು ತೆಗೆದು ಬೇರೆ ನಾಲ್ಕು ಸೇರಿಸಿದರು. ಹಾಗೆ ಒಳಗೆ ಬಂದವುಗಳಲ್ಲಿ ‘ಮಾಸ್ಟರ್ಸ್ ಆಫ್ ವಾರ್’ ಒಂದು. ಅಷ್ಟರಲ್ಲಿ ಹಳೆಯ ಜೋಡಣೆಯ ಕೆಲವು ತಟ್ಟೆಗಳು ಒತ್ತಿ ಆಗಿದ್ದವು. ಅವುಗಳಲ್ಲಿ ಕೆಲವಕ್ಕೆ ಹೊಸ ಹಾಡುಗಳ ಲೇಬಲ್ಲೇ ಅಂಟಿದೆ. ಲೇಬಲ್ ನೋಡಿದರೆ ಸಾಮಾನ್ಯ ಪ್ರತಿ, ಮುಳ್ಳು ಇಟ್ಟರೆ ಬೇರೆ ಹಾಡು! ಮೋನೋ ಪ್ರತಿಯಲ್ಲಿ ಗುಟ್ಟು ಬಿಟ್ಟುಕೊಡುವುದು 1ಎ ಎಂಬ ಬಾಲ. ಅಮೆರಿಕದ ರೆಕಾರ್ಡ್‌ಗಳಲ್ಲಿ ಅತಿ ಹೆಚ್ಚು ಬೆಲೆ ಬಾಳುವವುಗಳ ಸಾಲಿನಲ್ಲಿ ಇದೂ ಇದೆ. 1965ರ ‘ಹೈವೇ 61 ರಿವಿಸಿಟೆಡ್’ ಇದಕ್ಕಿಂತ ಕೈಗೆಟುಕುವಂಥದು. ಅದರ ಮೊದಮೊದಲ ಪ್ರತಿಗಳಲ್ಲಿ ‘ಫ್ರಮ್ ಎ ಬ್ಯೂಕ್ 6’ ಹಾಡಿನ ಬೇರೊಂದು ಟೇಕ್ ಸೇರಿಕೊಂಡಿದೆ. ಗುರುತು ಹಿಡಿಯುವುದು ಸುಲಭ: ಹಾಡು ಮೌತ್‌ಆರ್ಗನ್ನಿನಿಂದ ಶುರುವಾದರೆ ಅದೇ.

ಲೇಬಲ್ಲೂ ಕಾಲ ಹೇಳುತ್ತದೆ. 1962ರ ಮೊದಲ ಆಲ್ಬಮ್ ಬಂದದ್ದು ಆರು ಕಣ್ಣಿನ ಚಿಹ್ನೆಗಳಿದ್ದ ಲೇಬಲ್ಲಿನಲ್ಲಿ. ಆಮೇಲೆ ಎರಡು ಕಣ್ಣಿನದು ಬಂತು. ಅದರ ಸ್ಟೀರಿಯೋ ಪ್ರತಿಗಳಲ್ಲಿ ಕೆಳಗೆ ‘360 ಸೌಂಡ್’ ಎಂದಿರುತ್ತದೆ, ಮೊದಮೊದಲು ಕಪ್ಪಕ್ಷರದಲ್ಲಿ, ನಂತರ ಬಿಳಿಯಲ್ಲಿ. 1970ರಿಂದ ಅಂಚಿನ ಸುತ್ತ ಕಂಪನಿಯ ಹೆಸರೇ ಮತ್ತೆ ಮತ್ತೆ ಬರುವ ಕೆಂಪು ಲೇಬಲ್. ಕವರಿನಲ್ಲೂ ಸುಳಿವು ಸಿಗುತ್ತದೆ. 1966ರ ‘ಬ್ಲಾಂಡ್ ಆನ್ ಬ್ಲಾಂಡ್’ ಬಿಡಿಸಿದರೆ ಒಳಗೆ ನಟಿ ಕ್ಲಾಡಿಯಾ ಕಾರ್ಡಿನಾಲೆಯ ಚಿತ್ರ ಕಾಣಿಸಿತೇ? ಹಾಗಾದರೆ ಅದು ಹಳೆಯ ಕವರ್. ಅನುಮತಿಯಿಲ್ಲದೆ ಬಳಸಿದ್ದ ಆ ಚಿತ್ರವನ್ನು ಮುಂದಿನ ಮುದ್ರಣಗಳಲ್ಲಿ ತೆಗೆದುಹಾಕಿದರು.

ಅರವತ್ತರ ದಶಕದ ಡಿಲನ್‌ನನ್ನು ಮೋನೋದಲ್ಲಿ ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆಗ ಮನೆಮನೆಯಲ್ಲೂ ಇದ್ದದ್ದು ಒಂದು ಸ್ಪೀಕರಿನ ಪೆಟ್ಟಿಗೆ, ಮಿಶ್ರಣದ ಶ್ರಮವೆಲ್ಲ ಅದಕ್ಕೇ ಮೀಸಲು. ಆರಂಭದ ಸ್ಟೀರಿಯೋ ಪ್ರತಿಗಳಲ್ಲಿ ದನಿ ನಡುವೆ, ಗಿಟಾರು ಒಂದು ಕಡೆ, ಮೌತ್‌ಆರ್ಗನ್ ಇನ್ನೊಂದು ಕಡೆ ಎಂದು ಒಬ್ಬನೇ ಮನುಷ್ಯನನ್ನು ಕೋಣೆಯ ತುಂಬ ಹರಡಿಬಿಟ್ಟಂತೆ ಕೇಳುತ್ತದೆ. ಮೂಲ ಮೋನೋ ದುಬಾರಿ. ಮೊದಲ ಎಂಟು ಆಲ್ಬಮ್‌ಗಳ ಮೋನೋ ರೂಪವನ್ನು 2010ರಲ್ಲಿ ಪೆಟ್ಟಿಗೆಯಾಗಿ ಮತ್ತೆ ತಂದರು. ನಿಮ್ಮ ಆಂಪ್ಲಿಫೈಯರಿನಲ್ಲಿ ಮೋನೋ ಗುಂಡಿ ಇದ್ದರೆ ಒತ್ತಿ. ಮೋನೋ ಗೆರೆಯಲ್ಲಿ ಹಾಡಿರುವುದು ಅಕ್ಕಪಕ್ಕದ ತೊನೆದಾಟದಲ್ಲಿ ಮಾತ್ರ. ಮೇಲೆ ಕೆಳಗೆ ಕುಣಿಯುವುದೆಲ್ಲ ಧೂಳು, ಗೀರು. ಗುಂಡಿ ಒತ್ತಿದೊಡನೆ ಅದು ಅಳಿಸಿಹೋಗುತ್ತದೆ. ಹಳೆಯ ತಟ್ಟೆಯ ಚಟಪಟ ಅರ್ಧಕ್ಕರ್ಧ ಇಳಿದದ್ದನ್ನು ನಾನು ಕೇಳಿದ್ದೇನೆ.

ಈಗ ನನ್ನ ಮೂರು ತಟ್ಟೆಗೆ ಬರುತ್ತೇನೆ. ‘ಬ್ಲಡ್ ಆನ್ ದ ಟ್ರ್ಯಾಕ್ಸ್’ ಹಾಡುಗಳನ್ನು ಡಿಲನ್ 1974ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಎ ಅಂಡ್ ಆರ್ ಸ್ಟುಡಿಯೋದಲ್ಲಿ ಹಾಡಿದ. ಎಂಜಿನಿಯರ್ ಫಿಲ್ ರಮೋನ್. ಪರೀಕ್ಷಾ ತಟ್ಟೆಗಳೂ ಬಂದವು, ಕವರೂ ಅಚ್ಚಾಯಿತು. ಡಿಸೆಂಬರಿನಲ್ಲಿ ತವರು ರಾಜ್ಯ ಮಿನೆಸೋಟಾಕ್ಕೆ ಹೋದವನು ಮನಸ್ಸು ಬದಲಿಸಿ, ಮಿನಿಯಾಪೊಲಿಸ್‌ನ ಸೌಂಡ್ 80 ಸ್ಟುಡಿಯೋದಲ್ಲಿ ಸ್ಥಳೀಯ ವಾದಕರ ಜೊತೆ ಐದು ಹಾಡುಗಳನ್ನು ಹೊಸದಾಗಿ ಹಾಡಿದ. ಆಲ್ಬಮ್ 1975ರ ಜನವರಿಯಲ್ಲಿ ಬಂತು. ಕವರ್ ಮೊದಲೇ ಅಚ್ಚಾಗಿದ್ದರಿಂದ ಆ ವಾದಕರ ಹೆಸರು ಅದರ ಮೇಲೆ ಬರಲೇ ಇಲ್ಲ. ಅಂದರೆ ಈ ಒಂದು ತಟ್ಟೆಯಲ್ಲಿ ಎರಡು ಊರು, ಎರಡು ಕೋಣೆ ಇವೆ. ‘ಟ್ಯಾಂಗಲ್ಡ್ ಅಪ್ ಇನ್ ಬ್ಲೂ’ ಮಿನಿಯಾಪೊಲಿಸ್‌ನದು. ಅದು ಮುಗಿದು ‘ಸಿಂಪಲ್ ಟ್ವಿಸ್ಟ್ ಆಫ್ ಫೇಟ್’ ಶುರುವಾದಾಗ ವಾದ್ಯಗಳೆಲ್ಲ ಎದ್ದುಹೋಗಿ ಗಿಟಾರು, ಟೋನಿ ಬ್ರೌನ್‌ನ ಬೇಸ್, ಮೌತ್‌ಆರ್ಗನ್ ಅಷ್ಟೇ ಉಳಿಯುತ್ತವೆ. ಒಳ್ಳೆಯ ಪ್ರೆಸ್ಸಿಂಗ್‌ನಲ್ಲಿ ಕೋಣೆ ಬದಲಾದದ್ದೇ ಗೊತ್ತಾಗುತ್ತದೆ. ಮಂದ ಪ್ರೆಸ್ಸಿಂಗ್‌ನಲ್ಲಿ ಬರೀ ಹಾಡು ಬದಲಾಗುತ್ತದೆ. ಮೂಲ ನ್ಯೂಯಾರ್ಕ್ ಪರೀಕ್ಷಾ ತಟ್ಟೆಯ ರೂಪವನ್ನು 2019ರ ರೆಕಾರ್ಡ್ ಸ್ಟೋರ್ ಡೇಗೆ ಹೊರತಂದರು. ನ್ಯೂಯಾರ್ಕ್ ಧ್ವನಿಮುದ್ರಣಗಳಲ್ಲಿ ಡಿಲನ್‌ನ ಕೋಟಿನ ಗುಂಡಿ ಗಿಟಾರಿಗೆ ತಾಗುವ ಟಿಕ್ ಟಿಕ್ ಕೇಳಿಸುತ್ತದೆ. ಯಾವ ಪ್ರತಿಯಲ್ಲಿ ಆ ಗುಂಡಿ ಸ್ಪಷ್ಟವಾಗಿ ಕೇಳುತ್ತದೋ ಆ ಪ್ರತಿಯನ್ನು ನಾನು ಬಿಡುವುದಿಲ್ಲ.

ಈ ಆಲ್ಬಮ್ ಹೋಲಿಕೆಗೆ ಒಳ್ಳೆಯದಾಗಲು ಇನ್ನೊಂದು ಕಾರಣ ಅದರ ಉದ್ದ. ಒಟ್ಟು 51 ನಿಮಿಷಕ್ಕೂ ಮಿಕ್ಕಿದೆ, ಒಂದೊಂದು ಮಗ್ಗುಲಿಗೆ 25 ನಿಮಿಷದ ಆಸುಪಾಸು. ಅಷ್ಟನ್ನು ಹಿಡಿಸಲು ಗೆರೆಗಳನ್ನು ಒತ್ತೊತ್ತಾಗಿ, ಮೆಲ್ಲಗೆ ಕೊರೆಯಬೇಕು. ಜೊತೆಗೆ ತಟ್ಟೆಯ ಹೊರ ಅಂಚಿನಲ್ಲಿ ಗೆರೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ವೇಗದಲ್ಲಿ ಮುಳ್ಳಿನ ಕೆಳಗೆ ಹರಿದರೆ, ಒಳತುದಿಯಲ್ಲಿ ಆ ವೇಗ ಅರ್ಧಕ್ಕಿಂತ ಕಡಿಮೆ. ಅದೇ ಹಾಡನ್ನು ಅರ್ಧ ಜಾಗದಲ್ಲಿ ಬರೆದಂತೆ. ಆದ್ದರಿಂದ ಎರಡನೇ ಮಗ್ಗುಲಿನ ಕೊನೆಯ ‘ಬಕೆಟ್ಸ್ ಆಫ್ ರೇನ್’ ಕಟಿಂಗ್ ಎಂಜಿನಿಯರಿಗೂ ನಿಮ್ಮ ಮುಳ್ಳಿಗೂ ಕಠಿಣ ಪರೀಕ್ಷೆ. ಅಲ್ಲಿ ‘ಸ’ಕಾರ ‘ಶ’ಕಾರಗಳು ಸೀಳದೆ ಬಂದರೆ ಅದು ಗಟ್ಟಿ ಪ್ರತಿ. ‘ಬ್ಲಾಂಡ್ ಆನ್ ಬ್ಲಾಂಡ್’ ಕೊನೆಯ ಮಗ್ಗುಲಿನಲ್ಲಿ ಹನ್ನೊಂದು ನಿಮಿಷದ ಹಾಡೊಂದನ್ನೇ ಇಟ್ಟಿದ್ದಾರೆ. ಅಲ್ಲಿ ಗೆರೆಗಳಿಗೆ ಬೇಕಾದಷ್ಟು ಜಾಗ.

ಮನೆಯಲ್ಲಿ ಹೋಲಿಸುವಾಗ ಎಲ್ಲಕ್ಕಿಂತ ಮುಖ್ಯವಾದದ್ದು ವಾಲ್ಯೂಮ್. ಒಂದು ಡೆಸಿಬೆಲ್ ಜೋರಾಗಿರುವುದನ್ನು ಕಿವಿ ‘ಜೋರು’ ಎನ್ನುವುದಿಲ್ಲ, ‘ಚೆನ್ನಾಗಿದೆ’ ಎನ್ನುತ್ತದೆ. ಫೋನಿನಲ್ಲಿ ಶಬ್ದ ಅಳೆಯುವ ಆ್ಯಪ್ ಹಾಕಿಕೊಂಡು, ನೀವು ಕೂರುವ ಜಾಗದಲ್ಲೇ ಇಟ್ಟು, ಎರಡು ತಟ್ಟೆಯನ್ನೂ ಒಂದೇ ಮಟ್ಟಕ್ಕೆ ತನ್ನಿ. ಒಂದೇ ಹಾಡಿನ ಎರಡು ನಿಮಿಷ ಸಾಕು. ಯಾವ ತಟ್ಟೆ ಎಂದು ಗೊತ್ತಾಗದಂತೆ ಮನೆಯವರ ಕೈಯಲ್ಲಿ ಹಾಕಿಸಿ, ನೀವು ಬೆನ್ನು ಹಾಕಿ ಕೂತು ಕೇಳಿ. ಮೌತ್‌ಆರ್ಗನ್ನಿನ ಉದ್ದ ಸ್ವರ ತೇಲಾಡಿದರೆ ತಟ್ಟೆಯ ತೂತು ನಡುವೆ ಇಲ್ಲ ಎಂದರ್ಥ. ಅದು ಆ ಒಂದು ಪ್ರತಿಯ ದೋಷ, ಇಡೀ ಪ್ರೆಸ್ಸಿಂಗ್ ಮೇಲೆ ಹೊರಿಸಬೇಡಿ. 180 ಗ್ರಾಂ ತೂಕ ಎಂಬ ಚೀಟಿ ನೋಡಿ ಹೆಚ್ಚು ಕೊಡಬೇಕಾಗಿಲ್ಲ. ದಪ್ಪ ತಟ್ಟೆ ಕೈಗೆ ಹಿತ, ಗೆರೆ ಚೆನ್ನಾಗಿದೆಯೋ ಇಲ್ಲವೋ ಅದು ಹೇಳುವುದಿಲ್ಲ.

ಕಿವಿಯನ್ನೇ ನಂಬಬೇಕು ಎನ್ನಲು ಇನ್ನೊಂದು ಕಾರಣವಿದೆ. ಡಿಲನ್ ಆಲ್ಬಮ್‌ಗಳನ್ನೂ ದುಬಾರಿ ರೂಪದಲ್ಲಿ ತಂದಿರುವ ಮೊಬೈಲ್ ಫಿಡೆಲಿಟಿ ಕಂಪನಿಯ ಎಷ್ಟೋ ತಟ್ಟೆಗಳ ತಯಾರಿಕೆಯಲ್ಲಿ ಡಿಜಿಟಲ್ ಹಂತವಿತ್ತು ಎಂಬುದು 2022ರಲ್ಲಿ ಬಯಲಾಯಿತು. ಅವನ್ನು ಶುದ್ಧ ಅನಲಾಗ್ ಎಂದು ನಂಬಿದ್ದವರು ಸಿಟ್ಟಾದರು, ಸಿಟ್ಟು ನ್ಯಾಯವೇ. ಆದರೆ ಅಷ್ಟು ವರ್ಷ ಆ ತಟ್ಟೆಗಳನ್ನು ಮೆಚ್ಚಿದ್ದ ಕಿವಿಯೂ ಸುಳ್ಳು ಹೇಳಿರಲಿಲ್ಲ.

ಕೊಳ್ಳುವಾಗ ಕವರಿನ ಚಿತ್ರ ಸಾಲದು, ಎರಡೂ ಮಗ್ಗುಲಿನ ಡೆಡ್ ವ್ಯಾಕ್ಸಿನ ಫೋಟೋ ಕೇಳಿ. ಒಮ್ಮೆ ‘ನಿಯರ್ ಮಿಂಟ್’, ಅಂದರೆ ಹೆಚ್ಚುಕಡಿಮೆ ಹೊಸದರಂತಿದೆ, ಎಂಬ ಮಾತು ನಂಬಿ ಹೊರದೇಶದಿಂದ ತರಿಸಿದ್ದೆ. ಬಂದ ತಟ್ಟೆಯಲ್ಲಿ ಬೆರಳಿಗೆ ತಾಗುವಷ್ಟು ಗೀರು. ಅಂಚೆ ವೆಚ್ಚ, ಕಸ್ಟಮ್ಸ್ ಸುಂಕ ಸೇರಿದ ಮೇಲೆ ವಾಪಸ್ಸು ಕಳಿಸುವುದಕ್ಕೂ ಅರ್ಥವಿರಲಿಲ್ಲ. ಡಿಸ್ಕಾಗ್ಸ್ ಜಾಲತಾಣದಲ್ಲಿ ಮ್ಯಾಟ್ರಿಕ್ಸ್ ಸಂಖ್ಯೆ ಹಾಕಿ ಹುಡುಕಿದರೆ ನಿಮ್ಮ ಪ್ರತಿ ಯಾವ ಮುದ್ರಣದ್ದು ಎಂದು ಬಹುಪಾಲು ತಿಳಿಯುತ್ತದೆ.

ತೊಳೆಯದೆ ತೀರ್ಪು ಕೊಡಬೇಡಿ. ಹಳೆಯ ಪ್ರತಿಯ ಗೆರೆಯಲ್ಲಿ ದಶಕಗಳ ಕೈಜಿಡ್ಡು, ಹೊಗೆ, ಕಾಗದದ ಪುಡಿ ಕೂತಿರುತ್ತದೆ. ಡಿಸ್ಟಿಲ್ಡ್ ವಾಟರಿಗೆ ಒಂದೆರಡು ತೊಟ್ಟು ಪಾತ್ರೆ ತೊಳೆಯುವ ದ್ರವ ಹಾಕಿ, ಮೆತ್ತನೆ ಬ್ರಷ್ಷಿನಿಂದ ಗೆರೆಯ ಗುಂಟ ಉಜ್ಜಿ, ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸಿ, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ನನ್ನ ಎಪ್ಪತ್ತರ ದಶಕದ ಅಮೆರಿಕನ್ ಪ್ರತಿ ಮಂದ ಎಂದು ವರ್ಷಗಟ್ಟಲೆ ಬದಿಗಿಟ್ಟಿದ್ದೆ. ಎರಡು ಸಲ ತೊಳೆದ ಮೇಲೆ ಮೂರರಲ್ಲಿ ಅದೇ ಮುಂದೆ ಬಂತು. ಕರಾವಳಿ, ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಕಾಗದದ ಒಳಚೀಲ ತೆಗೆದು ಪ್ಲಾಸ್ಟಿಕ್ ಒಳಪದರದ್ದು ಹಾಕಿ. ಕಾಗದ ತೇವ ಹೀರಿದರೆ ಬೂಷ್ಟು ನೇರ ಗೆರೆಗೇ ಇಳಿಯುತ್ತದೆ. ತಟ್ಟೆಗಳನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿಡಿ. ಮತ್ತೆ, ಅಜ್ಜನ ಕಾಲದ 78 ಸುತ್ತಿನ ಅರಗಿನ ತಟ್ಟೆಗಳು ಮನೆಯಲ್ಲಿದ್ದರೆ ಅವಕ್ಕೆ ಸ್ಪಿರಿಟ್ ಬೆರೆಸಿದ ಯಾವ ಕ್ಲೀನರನ್ನೂ ಮುಟ್ಟಿಸಬೇಡಿ. ವಿನೈಲಿಗೆ ತಡೆಯುವ ಸ್ಪಿರಿಟ್ಟು ಅರಗನ್ನು ಕರಗಿಸಿಬಿಡುತ್ತದೆ.